ಗುಡ್ಡದ ದಾರಿಗೆ ಯಾವ ಟೈರು?

(ಮಳೆಗಾಲಕ್ಕೆ ಮುನ್ನ ಹಳ್ಳಿಯ ಶಾಲೆಯಂಗಳದಲ್ಲಿ ಸೇರಿದ್ದ ರೈತರು, ವಾಹನ ಚಾಲಕರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಕಾಡು, ನೀರು, ಮಣ್ಣು ಎಂದು ಮಾತನಾಡುವ ವೇದಿಕೆಯಲ್ಲಿ ಇಂದು ಟೈರಿನ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಒಂದು ಕಾಲಕ್ಕೆ ಮಲೆನಾಡಿನ ಮನೆಗಳಿಗೆ ಎತ್ತಿನ ಗಾಡಿ ಏನಾಗಿತ್ತೋ ಇಂದು ಪಿಕಪ್ ವಾಹನ ಅದೇ ಆಗಿದೆ. ಅಡಿಕೆ ಮಂಡಿಗೆ ಹೋಗುವುದು ಅದರಲ್ಲಿ, ಗೊಬ್ಬರ ಮನೆಗೆ ಬರುವುದು ಅದರಲ್ಲಿ. ಹಾಲಿನ ಕ್ಯಾನು, ಮದುವೆ ಮನೆಯ ಪಾತ್ರೆ, ನಡುರಾತ್ರಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳು, ಎಲ್ಲವೂ ಎಲ್ಲರೂ ಗುಡ್ಡ ಇಳಿಯುವುದು ಅದರಲ್ಲಿಯೇ. ಎರಡು ಟನ್ನಿಗೂ ಮೀರಿದ ಆ ಭಾರವೆಲ್ಲ ಭೂಮಿಯನ್ನು ಮುಟ್ಟುವುದು ನಾಲ್ಕೇ ನಾಲ್ಕು ಕಡೆ. ಒಂದೊಂದು ಕಡೆಯೂ ಬೆರಳು ಬಿಡಿಸಿದ ಅಂಗೈಗಿಂತ ತುಸು ದೊಡ್ಡದಾದ ಜಾಗ, ಅಷ್ಟೇ. ವಾಹನದಲ್ಲಿ ಕುಳಿತವರ ಜೀವವೂ ದಾರಿಯ ಮಣ್ಣಿನ ಗತಿಯೂ ತೀರ್ಮಾನವಾಗುವುದು ಆ ಅಂಗೈಯಗಲದಲ್ಲಿ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಯುವಕರಲ್ಲಿ ಹೊಸದೊಂದು ಹವ್ಯಾಸ ಬೆಳೆದಿದೆ. ಪಿಕಪ್ ಅಥವಾ ಜೀಪನ್ನು ಎತ್ತರಿಸುವುದು, ಅದಕ್ಕೆ ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡದಾದ, ದಪ್ಪ ದಪ್ಪ ಉಬ್ಬುಗಳ ಟೈರು ಹಾಕಿಸುವುದು. ಅಡಿಕೆ ಅಥವಾ ಕಾಫಿ ಮಾರಿದ ಹಣದ ದೊಡ್ಡದೊಂದು ಪಾಲು ಇದಕ್ಕೆ ಹೋಗುತ್ತಿದೆ. ಯಾವ ಟೈರು ಸುರಕ್ಷಿತ? ಯಾವ ಟೈರು ಹಣಕ್ಕೆ ತಕ್ಕದ್ದು? ಯಾವ ಟೈರು ನಮ್ಮ ದಾರಿಗೂ ಹಳ್ಳಕ್ಕೂ ಕಡಿಮೆ ಹಾನಿ ಮಾಡುತ್ತದೆ? ಈ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಬೇರೆ ಉತ್ತರಗಳಿವೆ ಎಂದು ಅನೇಕರು ಭಾವಿಸಿದ್ದಾರೆ. ಬಹುಮಟ್ಟಿಗೆ ಉತ್ತರ ಒಂದೇ ಎಂಬುದನ್ನು ತಮ್ಮ ಮುಂದಿಡುವುದು ನನ್ನ ಉದ್ದೇಶ.

ಎತ್ತರಿಸುವುದರಿಂದ ಏನು ಎತ್ತರವಾಗುತ್ತದೆ?

ಮೊದಲಿಗೆ ಎತ್ತರದ ಮಾತು. ಕಲ್ಲು ತಾಗದಿರಲಿ ಎಂದು ವಾಹನವನ್ನು ಎತ್ತರಿಸುತ್ತಾರೆ. ಆದರೆ ನಮ್ಮ ಹೆಚ್ಚಿನ ಪಿಕಪ್‌ಗಳ ಅಡಿಯಲ್ಲಿ ನೆಲಕ್ಕೆ ಅತ್ಯಂತ ಹತ್ತಿರವಿರುವ ಭಾಗ ಯಾವುದು? ಹಿಂದಿನ ಎರಡು ಚಕ್ರಗಳ ನಡುವೆ ಗುಂಡಗೆ ಕಾಣುವ ಡಿಫರೆನ್ಷಿಯಲ್. ಸ್ಪ್ರಿಂಗ್ ಪಟ್ಟಿ ಬದಲಿಸಿ ಎಷ್ಟೇ ಎತ್ತರಿಸಿದರೂ ಮೇಲೇಳುವುದು ಚಾಸಿ ಮತ್ತು ಅದರ ಮೇಲಿರುವ ಭಾಗ. ಆ ಗುಂಡು ಇದ್ದಲ್ಲಿಯೇ ಇರುತ್ತದೆ. ಅದನ್ನು ಮೇಲೆತ್ತಬಲ್ಲದ್ದು ಟೈರಿನ ಎತ್ತರವೊಂದೇ.

ಹಾಗಾದರೆ ದೊಡ್ಡ ಟೈರು ಹಾಕೋಣವೆಂದರೆ ಅದರ ಲೆಕ್ಕವನ್ನೂ ನೋಡಿ. ನಮ್ಮ ಕಡೆಯ ಅನೇಕ ಜೀಪು, ಪಿಕಪ್‌ಗಳಲ್ಲಿ ಕಾಣುವ ಅಳತೆ 215/75 ಆರ್ 15. ಅದರ ಒಟ್ಟು ಎತ್ತರ ಸುಮಾರು 703 ಮಿಲಿಮೀಟರ್. ಅದರ ಬದಲು 235/75 ಆರ್ 15 ಹಾಕಿದರೆ ಎತ್ತರ ಸುಮಾರು 733 ಮಿಲಿಮೀಟರ್. ಮೂವತ್ತು ಮಿಲಿಮೀಟರ್ ಹೆಚ್ಚಾಯಿತು ನಿಜ. ಆದರೆ ಅಚ್ಚು ಇರುವುದು ಚಕ್ರದ ನಡುವೆ, ಆದ್ದರಿಂದ ನೆಲದಿಂದ ಗುಂಡಿಗೆ ಸಿಗುವ ಲಾಭ ಅದರ ಅರ್ಧ, ಬರೀ 15 ಮಿಲಿಮೀಟರ್. ಒಂದು ಕಿರುಬೆರಳಿನ ದಪ್ಪ! ಇಷ್ಟಕ್ಕೆ ತೆರುವ ಬೆಲೆಯೇನು? ಚಕ್ರ ದೊಡ್ಡದಾದಷ್ಟೂ ಎಂಜಿನ್ನಿಗೆ ಏರು ಹತ್ತುವುದು ಕಷ್ಟ, ಬ್ರೇಕಿಗೆ ನಿಲ್ಲಿಸುವುದು ಕಷ್ಟ. ಮೀಟರು 60 ಕಿಲೋಮೀಟರ್ ವೇಗ ತೋರಿಸುವಾಗ ವಾಹನ ನಿಜಕ್ಕೂ ಓಡುತ್ತಿರುವುದು ಸುಮಾರು 62.5ರಲ್ಲಿ. ಮೇಲಿನ ಭಾಗವನ್ನು ಎತ್ತರಿಸಿದ್ದರೆ ಭಾರದ ಕೇಂದ್ರವೂ ಮೇಲೇರಿರುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅಡಿಕೆ ಮೂಟೆ ತುಂಬಿದ ಅಂಥ ವಾಹನ ಹೇಗೆ ಓಲಾಡುತ್ತದೆ ಎಂಬುದನ್ನು ಚಾಲಕ ಬಂಧುಗಳಿಗೆ ವಿವರಿಸಬೇಕಾಗಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಮಾರ್ಪಾಡಿಗೆ ದಂಡ ಮತ್ತು ಸೆರೆವಾಸದ ಶಿಕ್ಷೆಯನ್ನು ಸೇರಿಸಿತು. ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರುವುದೂ ಇದೇ ಕಾರಣಕ್ಕೆ. ಆದ್ದರಿಂದ ನನ್ನ ಮೊದಲ ಸಲಹೆ: ವಾಹನದ ಪುಸ್ತಕದಲ್ಲಿ ಬರೆದ ಅಳತೆಯಲ್ಲಿಯೇ ಉಳಿಯಿರಿ. ಆಯ್ಕೆ ಮಾಡಬೇಕಾದದ್ದು ಟೈರಿನ ಬಗೆಯನ್ನು.

ಟೈರಿನ ಪಕ್ಕೆಯನ್ನು ಓದುವುದು

ಅಂಗಡಿಯವನು ಹೇಳುವುದನ್ನು ಕೇಳುವ ಮೊದಲು ಟೈರು ಏನು ಹೇಳುತ್ತದೆ ಎಂಬುದನ್ನು ಓದಿಕೊಳ್ಳಬೇಕು. ಅದರ ಜಾತಕವೆಲ್ಲ ಪಕ್ಕೆಯ ಮೇಲೆ ಅಚ್ಚಾಗಿರುತ್ತದೆ. 215 ಎಂಬುದು ಮಿಲಿಮೀಟರಿನಲ್ಲಿ ಅಗಲ. 75 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಭಾಗ. ‘ಆರ್’ ಎಂದರೆ ರೇಡಿಯಲ್. 15 ಎಂಬುದು ಇಂಚಿನಲ್ಲಿ ರಿಮ್ಮಿನ ಅಳತೆ. ವಿದ್ಯಾರ್ಥಿಗಳು ಈ ಮೂರು ಸಂಖ್ಯೆಗಳಿಂದ ಟೈರಿನ ಪೂರ್ಣ ಎತ್ತರವನ್ನು ತಾವೇ ಲೆಕ್ಕ ಹಾಕಬಹುದು. ನಾನು ಈಗಷ್ಟೇ ಹೇಳಿದ 703 ಬಂದದ್ದು ಹಾಗೆಯೇ.

ಇದರ ಮುಂದೆ ಇನ್ನೊಂದು ಸಂಖ್ಯೆಯೂ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತವೆ. ಸಂಖ್ಯೆ ಹೊರುವ ಶಕ್ತಿಯನ್ನು ಸೂಚಿಸುತ್ತದೆ. 100 ಎಂದಿದ್ದರೆ ಒಂದು ಟೈರು 800 ಕಿಲೋ ಹೊರಬಲ್ಲದು. 104 ಎಂದಿದ್ದರೆ 900 ಕಿಲೋ. ಅಕ್ಷರ ವೇಗದ ಮಿತಿ: ‘ಕ್ಯೂ’ ಎಂದರೆ ಗಂಟೆಗೆ 160 ಕಿಲೋಮೀಟರ್, ‘ಎಸ್’ ಎಂದರೆ 180. ನಮ್ಮ ಗುಡ್ಡದ ದಾರಿಯಲ್ಲಿ ವೇಗದ ಅಕ್ಷರಕ್ಕಿಂತ ಭಾರದ ಸಂಖ್ಯೆಯೇ ಮುಖ್ಯ. ನೋಟಕ್ಕೆ ಗಟ್ಟಿಮುಟ್ಟಾಗಿ ಕಂಡರೂ ಕಾರಿಗಾಗಿ ಮಾಡಿದ ಟೈರನ್ನು ಸರಕಿನ ಪಿಕಪ್ಪಿಗೆ ಹಾಕಬಾರದು. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಭಾರ ಹೊರುವ ಟೈರನ್ನು ಯಾರು ಎಷ್ಟೇ ರಿಯಾಯಿತಿಯಲ್ಲಿ ಕೊಟ್ಟರೂ ಬೇಡವೆನ್ನಿ.

ಕೊನೆಯದಾಗಿ ‘ಡಿಒಟಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ಆ ಟೈರು ತಯಾರಾಯಿತು ಎಂದರ್ಥ. ರಬ್ಬರು ಓಡದೆ ಇದ್ದರೂ ಮುದಿಯಾಗುತ್ತದೆ, ಗಡುಸಾಗುತ್ತದೆ, ಬಿರಿಯುತ್ತದೆ. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಮಲಗಿದ ಟೈರನ್ನು ಹೊಸದೆಂದು ಕೊಳ್ಳುವ ಅಗತ್ಯವಿಲ್ಲ.

ಮೂರು ಬಗೆ, ಮೂರು ಗುಣ

ಪಿಕಪ್ಪಿಗೆ ಸಿಗುವ ಟೈರುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹೈವೇ ಟೈರು. ಉದ್ದುದ್ದ ಗೆರೆಗಳು, ಕಿರಿದಾದ ಸಂದುಗಳು. ಡಾಂಬರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಸವೆತ ಕಡಿಮೆ, ಡೀಸೆಲ್ ಉಳಿತಾಯ. ಆದರೆ ಆ ಸಂದುಗಳಲ್ಲಿ ಮಣ್ಣು ಬೇಗ ತುಂಬಿಕೊಳ್ಳುತ್ತದೆ, ತುಂಬಿಕೊಂಡ ಕೂಡಲೇ ಕೆಸರಿನಲ್ಲಿ ಚಕ್ರ ಸಾಬೂನಿನಂತೆ ಜಾರುತ್ತದೆ.

ಮೂರನೆಯದನ್ನು ಮೊದಲು ಹೇಳುತ್ತೇನೆ. ಅದು ಮಡ್ ಟೆರೇನ್, ಅಂದರೆ ಕೆಸರಿನ ಟೈರು. ದೊಡ್ಡ ದೊಡ್ಡ ಉಬ್ಬುಗಳು, ಅವುಗಳ ನಡುವೆ ಬೆರಳು ತೂರುವಷ್ಟು ಸಂದು. ಆಳವಾದ ಕೆಸರಿನಲ್ಲಿ ಅಗೆದುಕೊಂಡು ಮುಂದೆ ಸಾಗುವುದು ಇದರ ಕೆಲಸ. ಆದರೆ ಒದ್ದೆ ಡಾಂಬರಿನ ಮೇಲೆ ಇದೇ ಟೈರು ಕೈಕೊಡುತ್ತದೆ. ಸಂದು ಹೆಚ್ಚಾದಷ್ಟೂ ರಸ್ತೆಯನ್ನು ಮುಟ್ಟುವ ರಬ್ಬರು ಕಡಿಮೆ. ರಬ್ಬರು ಕಡಿಮೆಯಾದಷ್ಟೂ ಮಳೆಯಲ್ಲಿ ಬ್ರೇಕು ಹಾಕಿದಾಗ ವಾಹನ ನಿಲ್ಲಲು ಬೇಕಾದ ದೂರ ಹೆಚ್ಚು. ಸದ್ದು, ಡೀಸೆಲ್ ಖರ್ಚು, ಬೇಗನೆ ಸವೆಯುವುದು ಬೇರೆ.

ಇವೆರಡರ ನಡುವಿನದು ಆಲ್ ಟೆರೇನ್, ಅಂದರೆ ಎಲ್ಲ ಬಗೆಯ ನೆಲಕ್ಕೂ ಹೊಂದುವ ಟೈರು. 1976ರಲ್ಲಿ ಅಮೆರಿಕದ ಬಿಎಫ್ ಗುಡ್‌ರಿಚ್ ಕಂಪನಿ ಈ ಬಗೆಯ ರೇಡಿಯಲ್ ಟೈರನ್ನು ಇದೇ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಎಂಆರ್‌ಎಫ್, ಅಪೋಲೊ, ಸಿಯೆಟ್ ಮೊದಲಾದ ನಮ್ಮ ದೇಶದ ಕಂಪನಿಗಳೂ ತಯಾರಿಸುತ್ತಿವೆ. ಇದರ ಉಬ್ಬುಗಳು ಮಧ್ಯಮ, ಸಂದುಗಳೂ ಮಧ್ಯಮ. ಉಬ್ಬುಗಳ ಮೇಲೆ ಚಾಕುವಿನಿಂದ ಗೀರಿದಂತೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ಒದ್ದೆ ರಸ್ತೆಯನ್ನು ಹಿಡಿದುಕೊಳ್ಳಲು ಅವು ನೆರವಾಗುತ್ತವೆ. ಕಲ್ಲಿನ ಏಟು ತಡೆಯಲು ಪಕ್ಕೆ ಸಾಮಾನ್ಯ ಟೈರಿಗಿಂತ ಗಟ್ಟಿಯಾಗಿರುತ್ತದೆ. ಡಾಂಬರಿನಲ್ಲಿ ಹೈವೇ ಟೈರಿನಷ್ಟು ನಯವಿಲ್ಲ, ಆಳದ ಕೆಸರಿನಲ್ಲಿ ಕೆಸರಿನ ಟೈರಿನಷ್ಟು ಹಿಡಿತವಿಲ್ಲ. ಆದರೆ ಎರಡು ಕಡೆಯೂ ಇದು ನಡುನೀರಿನಲ್ಲಿ ಕೈಬಿಡುವುದಿಲ್ಲ.

ವರ್ಷದ ಲೆಕ್ಕ

ಇವುಗಳಲ್ಲಿ ಯಾವುದು ತನಗೆ ಬೇಕು ಎಂಬುದನ್ನು ತಿಳಿಯಲು ಪ್ರತಿಯೊಬ್ಬರೂ ತಮ್ಮ ದಾರಿಯ ಲೆಕ್ಕ ಬರೆಯಬೇಕು. ಒಂದು ಉದಾಹರಣೆ ಕೊಡುತ್ತೇನೆ. ತಿಂಗಳಿಗೆ 1,000 ಕಿಲೋಮೀಟರ್ ಓಡುವ ಪಿಕಪ್ ಎಂದಿಟ್ಟುಕೊಳ್ಳಿ. ಮನೆಯಿಂದ ಡಾಂಬರು ರಸ್ತೆಗೆ 3 ಕಿಲೋಮೀಟರ್ ಮಣ್ಣಿನ ದಾರಿ. ದಿನಕ್ಕೊಮ್ಮೆ ಹೋಗಿ ಬಂದರೆ 6 ಕಿಲೋಮೀಟರ್, ತಿಂಗಳಿಗೆ 180. ಉಳಿದ 820 ಕಿಲೋಮೀಟರ್ ಡಾಂಬರು. ಮಣ್ಣಿನ ದಾರಿಯಾದರೂ ವರ್ಷವಿಡೀ ಕೆಸರಾಗಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಎನ್ನೋಣ. ಹಾಗಾದರೆ ವರ್ಷದ 12,000 ಕಿಲೋಮೀಟರಿನಲ್ಲಿ ಕೆಸರಿನ ಓಟ 720 ಕಿಲೋಮೀಟರ್. ನೂರಕ್ಕೆ ಆರು! ಈ ಆರರ ಸಲುವಾಗಿ ಕೆಸರಿನ ಟೈರು ಹಾಕಿದವನು ಉಳಿದ ತೊಂಬತ್ತನಾಲ್ಕರಲ್ಲಿ ಡೀಸೆಲ್ಲನ್ನೂ ರಬ್ಬರನ್ನೂ ಕಳೆದುಕೊಳ್ಳುತ್ತಾನೆ. ಅದೇ ಮಳೆಗಾಲದಲ್ಲಿ ಒದ್ದೆಯಾದ ಘಾಟಿಯ ತಿರುವುಗಳಲ್ಲಿ ಕಡಿಮೆ ಹಿಡಿತದ ಟೈರಿನ ಮೇಲೆ ಇಳಿಯುತ್ತಾನೆ.

ಈ ಲೆಕ್ಕ ಮಾಡಿದ ಮೇಲೆ ತೀರ್ಮಾನ ಕಷ್ಟವಲ್ಲ. ಮನೆ ಬಾಗಿಲವರೆಗೆ ಡಾಂಬರು ಅಥವಾ ಕಾಂಕ್ರೀಟು ಇರುವವರಿಗೆ ಹೈವೇ ಟೈರು ಸಾಕು. ಮಣ್ಣು, ಜಲ್ಲಿ, ಡಾಂಬರು ಬೆರೆತ ದಾರಿಯಲ್ಲಿ ಸರಕು ಸಾಗಿಸುವ ಬಹುಪಾಲು ಮಲೆನಾಡಿನ ಮನೆಗಳಿಗೆ ಆಲ್ ಟೆರೇನ್ ತಕ್ಕದ್ದು. ತೋಟದ ಒಳಗೇ ಓಡಾಡುವ, ಡಾಂಬರನ್ನು ಅಪರೂಪಕ್ಕೆ ಕಾಣುವ ಎಸ್ಟೇಟಿನ ಜೀಪಿಗೆ ಮಾತ್ರ ಕೆಸರಿನ ಟೈರಿನ ಸಮರ್ಥನೆ ಇದೆ. ಒಂದೆರಡು ವಾರದ ಅತಿಯಾದ ಜಾರಿಗೆ ನಮ್ಮ ಹಿರಿಯ ಚಾಲಕರು ಚಕ್ರಕ್ಕೆ ಕಬ್ಬಿಣದ ಸರಪಳಿ ಬಿಗಿಯುತ್ತಾ ಬಂದಿದ್ದಾರೆ. ಅಗತ್ಯವಿದ್ದಾಗ ಕಟ್ಟಿ ಡಾಂಬರು ಬಂದ ಕೂಡಲೇ ಬಿಚ್ಚುವ ಆ ಪದ್ಧತಿ, ವರ್ಷವಿಡೀ ಕೆಸರಿನ ಟೈರು ಹೊತ್ತು ತಿರುಗುವುದಕ್ಕಿಂತ ಜಾಣತನದ್ದು. ಸರಪಳಿಯೂ ಮಣ್ಣನ್ನು ಕೆದಕುತ್ತದೆ ಎಂಬುದನ್ನು ನೆನಪಿಟ್ಟು ಮಿತವಾಗಿ ಬಳಸಬೇಕು.

ಇನ್ನೆರಡು ಎಚ್ಚರಿಕೆಗಳು. ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಬೇರೆ ಬೇರೆ ಬಗೆಯ ಟೈರು ಹಾಕಬಾರದು. ನಾಲ್ಕೂ ಚಕ್ರ ಎಳೆಯುವ ವಾಹನವಾದರೆ ಮುಂದಿನ ಮತ್ತು ಹಿಂದಿನ ಟೈರುಗಳ ಎತ್ತರ ಒಂದೇ ಇರಬೇಕು, ಇಲ್ಲವಾದರೆ ಗೇರುಗಳಿಗೆ ಪೆಟ್ಟು. ಸ್ಟೆಪ್ನಿಯನ್ನೂ ಇದೇ ಅಳತೆಯಲ್ಲಿ ಇಟ್ಟುಕೊಳ್ಳಿ.

ಗಾಳಿಯ ಮಹತ್ವ

ಟೈರಿನ ಹೆಸರಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು ಅದರೊಳಗಿನ ಗಾಳಿಯ ಬಗ್ಗೆ ಒಂದು ನಿಮಿಷವನ್ನೂ ಕೊಡುವುದಿಲ್ಲ. ಭಾರ ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಗಾಳಿಯೇ. ವಿದ್ಯಾರ್ಥಿಗಳು ಗಮನಿಸಬೇಕಾದ ಸರಳ ಲೆಕ್ಕವೊಂದಿದೆ. ಒಂದು ಚಕ್ರದ ಮೇಲೆ 500 ಕಿಲೋ ಭಾರವಿದೆ, ಗಾಳಿ 35 ಪಿಎಸ್‌ಐ ಇದೆ ಎನ್ನಿ. 35 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ. ಆಗ ಟೈರು ನೆಲವನ್ನು ಮುಟ್ಟುವ ಜಾಗ ಸ್ಥೂಲವಾಗಿ 200 ಚದರ ಸೆಂಟಿಮೀಟರ್. ಗಾಳಿಯನ್ನು 25ಕ್ಕೆ ಇಳಿಸಿದರೆ ಆ ಜಾಗ ಸುಮಾರು 285ಕ್ಕೆ ಏರುತ್ತದೆ. ಒಂದು ಪೈಸೆ ಖರ್ಚಿಲ್ಲದೆ ನೆಲದ ಹಿಡಿತ ಹೆಚ್ಚಿತು, ಮಣ್ಣಿನ ಮೇಲಿನ ಒತ್ತಡ ಇಳಿಯಿತು.

ಮಣ್ಣಿನ ಒತ್ತಡ ಇಳಿಯುವುದು ಏಕೆ ಮುಖ್ಯವೆಂದರೆ, ಅಮೆರಿಕದ ಆರಿಗನ್ ರಾಜ್ಯದ ಕಾಡುಗಳಲ್ಲಿ ಮರ ಸಾಗಿಸುವ ಲಾರಿಗಳನ್ನಿಟ್ಟು ಅಲ್ಲಿನ ಅರಣ್ಯ ಸೇವೆಯವರು 1990ರ ದಶಕದಲ್ಲಿ ಪ್ರಯೋಗ ನಡೆಸಿದ್ದರು. ಟೈರಿನ ಗಾಳಿ ಕಡಿಮೆ ಮಾಡಿ ಓಡಿಸಿದ ದಾರಿಯಿಂದ ಮಳೆನೀರಿನಲ್ಲಿ ಕೊಚ್ಚಿಹೋದ ಮಣ್ಣಿನ ಪ್ರಮಾಣ, ಪೂರ್ಣ ಗಾಳಿಯಲ್ಲಿ ಓಡಿಸಿದ ದಾರಿಗಿಂತ ಗಣನೀಯವಾಗಿ ಕಡಿಮೆಯಿತ್ತು. ಲಾರಿ ಅದೇ, ದಾರಿ ಅದೇ, ಮಳೆ ಅದೇ, ಬದಲಾದದ್ದು ಗಾಳಿಯೊಂದೇ.

ಆದರೆ ಇದನ್ನು ಕೇಳಿದ ಕೂಡಲೇ ಮನೆಗೆ ಹೋಗಿ ಗಾಳಿ ಬಿಡಬೇಡಿ. ತುಂಬು ಭಾರ ಹೊತ್ತಾಗ, ಡಾಂಬರಿನಲ್ಲಿ ವೇಗವಾಗಿ ಓಡುವಾಗ ಕಡಿಮೆ ಗಾಳಿ ಅಪಾಯಕಾರಿ. ಪಕ್ಕೆ ಬಾಗಿ ಬಾಗಿ ಬಿಸಿಯೇರಿ ಟೈರು ಒಡೆಯುತ್ತದೆ. ಗಾಳಿ ಇಳಿಸುವುದು ಖಾಲಿ ಅಥವಾ ಹಗುರ ವಾಹನದಲ್ಲಿ, ಕೆಸರಿನ ತುಂಡು ದಾರಿಗೆ, ಗಂಟೆಗೆ ಇಪ್ಪತ್ತು ಕಿಲೋಮೀಟರ್ ಮೀರದ ಓಟಕ್ಕೆ ಮಾತ್ರ. ಡಾಂಬರು ಸೇರಿದ ಕೂಡಲೇ ಮತ್ತೆ ತುಂಬಿಸಬೇಕು. ಅದಕ್ಕಾಗಿ ವಾಹನದಲ್ಲಿ ಒಂದು ಗಾಳಿಯ ಅಳತೆಗೋಲು, ಒಂದು ಕಾಲು ಪಂಪು ಇರಬೇಕು. ದಿನನಿತ್ಯದ ಗಾಳಿಯನ್ನು ಓಡಿ ಬಿಸಿಯಾದ ಮೇಲೆ ನೋಡದೆ, ಬೆಳಗ್ಗೆ ಟೈರು ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕೆಂಬುದು ಬಾಗಿಲಿನ ಬಳಿ ಅಂಟಿಸಿದ ಚೀಟಿಯಲ್ಲೋ ವಾಹನದ ಪುಸ್ತಕದಲ್ಲೋ ಇರುತ್ತದೆ.

ದಾರಿ ಯಾರದು?

ಈಗ ನಮ್ಮ ಮಣ್ಣಿಗೆ ಬರೋಣ. ಕೆಸರಿನ ಟೈರು ಮುಂದೆ ಸಾಗುವುದು ಅಗೆಯುವುದರಿಂದ ಎಂದೆ. ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ? ಚಕ್ರ ತಿರುಗಿ ತಿರುಗಿ ಕೊರೆದ ಎರಡು ಗಾಲಿಜಾಡುಗಳು ಮುಂದಿನ ಮಳೆಗೆ ಎರಡು ಕಾಲುವೆಗಳಾಗುತ್ತವೆ. ಚರಂಡಿಯಲ್ಲಿ ಹರಿಯಬೇಕಾದ ನೀರು ದಾರಿಯಲ್ಲಿಯೇ ಹರಿಯುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಸುರಿಯುತ್ತದೆ. ಅಂಥ ಮಳೆಗೆ ಗೇಣುದ್ದದ ಜಾಡು ಸಿಕ್ಕರೆ ಒಂದೇ ಮಳೆಗಾಲದಲ್ಲಿ ಮೊಣಕಾಲುದ್ದದ ಅಗಳಾಗುತ್ತದೆ. ಆ ಮಣ್ಣು ಇಳಿಯುವುದು ಕೆಳಗಿನ ಹಳ್ಳಕ್ಕೆ, ಗದ್ದೆಗೆ, ನಾಲ್ಕು ಮನೆಗಳು ಕುಡಿಯಲು ನೆಚ್ಚಿಕೊಂಡಿರುವ ಅಬ್ಬಿಯ ನೀರಿಗೆ.

ಒಬ್ಬನ ಎತ್ತರದ ಜೀಪು ಆ ಅಗಳನ್ನು ದಾಟಿ ಹೋಗುತ್ತದೆ ನಿಜ. ಆದರೆ ಅವನ ಹಿಂದೆ ಬರುವ ಹಾಲಿನ ಆಟೋ ದಾಟುವುದಿಲ್ಲ, ಶಾಲೆಯ ಮಕ್ಕಳ ವ್ಯಾನು ದಾಟುವುದಿಲ್ಲ, 108ರ ಆಂಬುಲೆನ್ಸ್ ಅಂತೂ ದಾಟುವುದೇ ಇಲ್ಲ. ಆಗ ಮಿಕ್ಕವರೂ ಎತ್ತರದ ವಾಹನ, ಇನ್ನೂ ದೊಡ್ಡ ಟೈರು ಹುಡುಕಬೇಕಾಗುತ್ತದೆ. ಅವು ದಾರಿಯನ್ನು ಇನ್ನಷ್ಟು ಅಗೆಯುತ್ತವೆ. ಕಡೆಗೆ ಟೈರಿಗೆ ಸುರಿದ ಹಣದಲ್ಲಿ ಆ ದಾರಿಗೆ ಕಲ್ಲು ಹಾಸಬಹುದಿತ್ತು ಎಂಬ ಲೆಕ್ಕ ಊರಿಗೆ ತಡವಾಗಿ ಹೊಳೆಯುತ್ತದೆ.

ಸ್ವಂತ ಕೆಲಸದ ದಾರಿಯ ಮಾತು ಇದಾದರೆ ಮೋಜಿನ ಓಟದ ಮಾತು ಬೇರೆಯೇ ಇದೆ. ಮಳೆ ಬಿದ್ದೊಡನೆ ನಗರಗಳಿಂದ ಸಾಲು ಸಾಲಾಗಿ ಬರುವ ಜೀಪುಗಳು ಹುಲ್ಲುಗಾವಲಿನ ನೆತ್ತಿಯ ಮೇಲೆ, ಹಳ್ಳದ ನಡುವೆ ಚಕ್ರ ತಿರುಗಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ಐಸ್‌ಲ್ಯಾಂಡಿನ ಉದಾಹರಣೆ ಹೇಳಬೇಕು. ಎತ್ತರಿಸಿದ ವಾಹನಕ್ಕೆ ಭಾರೀ ಟೈರು ಹಾಕುವ ವಿದ್ಯೆಯಲ್ಲಿ ಆ ದೇಶದವರನ್ನು ಮೀರಿಸಿದವರಿಲ್ಲ. 38 ಇಂಚು, 44 ಇಂಚು ಎತ್ತರದ ಟೈರುಗಳಲ್ಲಿ ಗಾಳಿಯನ್ನು ಕೆಲವೇ ಪಿಎಸ್‌ಐಗೆ ಇಳಿಸಿ ಹಿಮನದಿಗಳ ಮೇಲೆ ಹೂವು ಮುಟ್ಟಿದಂತೆ ಸಾಗುತ್ತಾರೆ. ಅಲ್ಲಿ ದೊಡ್ಡ ಟೈರು ಇರುವುದು ಹಿಮದ ಮೇಲೆ ತೇಲುವುದಕ್ಕೆ, ನೆಲ ಅಗೆಯುವುದಕ್ಕಲ್ಲ. ಅದೇ ದೇಶದ ಕಾನೂನು, ಹಿಮ ಮುಚ್ಚಿ ಹೆಪ್ಪುಗಟ್ಟಿದ ನೆಲವನ್ನು ಬಿಟ್ಟರೆ, ದಾರಿ ಬಿಟ್ಟು ಚಕ್ರ ಇಳಿಸುವುದನ್ನೇ ನಿಷೇಧಿಸಿದೆ. ಒಮ್ಮೆ ಗೀರಿದ ಪಾಚಿಯ ನೆಲ ಮತ್ತೆ ಚಿಗುರಲು ದಶಕಗಳೇ ಬೇಕೆಂಬುದು ಅಲ್ಲಿನ ಜನರಿಗೆ ತಿಳಿದಿದೆ. ಅಷ್ಟು ದೊಡ್ಡ ಟೈರಿನ ನಾಡೇ ಹಾಕಿಕೊಂಡ ಕಟ್ಟುಪಾಡು ನಮಗೇಕೆ ಬೇಡ?

ಟೈರು ಹಾಕಿಸಿದ ಮೇಲೆ ಓಡಿಸುವ ಕ್ರಮವೂ ಅಷ್ಟೇ ಮುಖ್ಯ. ಚಕ್ರ ನಿಂತಲ್ಲೇ ತಿರುಗಲು ತೊಡಗಿದರೆ ಆಕ್ಸಿಲೇಟರ್ ಒತ್ತಬೇಡಿ; ಕಾಲು ತೆಗೆಯಿರಿ. ಇಳಿದು ಚಕ್ರದ ಮುಂದೆ ಕಲ್ಲು ಇಡಿ, ಇಲ್ಲವೇ ಹಿಂದೆ ಬಂದು ಬೇರೆ ಸಾಲಿನಲ್ಲಿ ಏರಿ. ಜೋರು ಮಳೆ ನಿಂತ ಮೇಲೆ ಕೆಲವು ಗಂಟೆ ಕಾದರೆ ನಮ್ಮ ಜಂಬಿಟ್ಟಿಗೆ ಮಣ್ಣಿನ ಏರು ತಾನಾಗಿ ಗಟ್ಟಿಯಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಏರು ದಾರಿಯ ಚಾಲಕನಿಗೂ ಹೊಂದುತ್ತದೆ.

ಸವೆದ ರಬ್ಬರಿನ ಕಥೆ

ಟೈರು ಸವೆಯಿತು ಎನ್ನುತ್ತೇವೆ. ಸವೆದದ್ದು ಎಲ್ಲಿ ಹೋಯಿತು? ಒಂದು ಪಿಕಪ್ ಟೈರು ಬೋಳಾಗುವ ಹೊತ್ತಿಗೆ ಕಿಲೋಗಟ್ಟಲೆ ರಬ್ಬರನ್ನು ಕಳೆದುಕೊಂಡಿರುತ್ತದೆ. ಅದು ಕಣ್ಣಿಗೆ ಕಾಣದ ಪುಡಿಯಾಗಿ ರಸ್ತೆಯ ಮೇಲೆ ಕುಳಿತು ಮೊದಲ ಮಳೆಗೆ ಹಳ್ಳ ಸೇರುತ್ತದೆ. ಅಮೆರಿಕದ ಸಿಯಾಟಲ್ ನಗರದ ಸುತ್ತಲಿನ ಹೊಳೆಗಳಿಗೆ ಮೊಟ್ಟೆಯಿಡಲು ಬರುವ ಕೋಹೊ ಸಾಲ್ಮನ್ ಮೀನುಗಳು ಮಳೆ ಬಂದ ಮರುಗಳಿಗೆಯೇ ಸಾಯುತ್ತಿದ್ದವು. ವರ್ಷಗಳ ಕಾಲ ಹುಡುಕಿದ ವಿಜ್ಞಾನಿಗಳು 2020ರ ಡಿಸೆಂಬರಿನಲ್ಲಿ ಕಾರಣವನ್ನು ಪ್ರಕಟಿಸಿದರು. ರಬ್ಬರು ಬಿರಿಯದಿರಲೆಂದು ಟೈರಿಗೆ ಬೆರೆಸುವ ‘6ಪಿಪಿಡಿ’ ಎಂಬ ರಾಸಾಯನಿಕ ಗಾಳಿಯಲ್ಲಿನ ಓಜೋನಿನೊಡನೆ ಕೂಡಿ ಬೇರೊಂದು ವಿಷವಾಗುತ್ತದೆ. ಮೀನುಗಳನ್ನು ಕೊಂದದ್ದು ಆ ವಿಷ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದ ನಾಡಿನವರು ನಾವು. ರಸ್ತೆಯ ನೀರು ನೇರವಾಗಿ ಹೊಳೆಗೆ ಇಳಿಯದಂತೆ, ಹುಲ್ಲು ಬೆಳೆದ ಇಂಗುಗುಂಡಿಯನ್ನು ಹಾದುಹೋಗುವಂತೆ ಚರಂಡಿ ತಿರುಗಿಸುವುದು ನಮ್ಮ ಕೈಯಲ್ಲಿದೆ. ಅನಗತ್ಯ ಭಾರ, ಅನಗತ್ಯ ಅಗಲ, ತಪ್ಪು ಗಾಳಿ, ಇವು ರಬ್ಬರನ್ನು ಬೇಗ ಸವೆಸುತ್ತವೆ. ಇವನ್ನು ತಪ್ಪಿಸುವುದೂ ನಮ್ಮ ಕೈಯಲ್ಲಿದೆ.

ಹಾಗೆಂದು ಬೋಳಾದ ಟೈರನ್ನೇ ಓಡಿಸಿ ಎಂದು ಅರ್ಥವಲ್ಲ. ಸಂದಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರನ್ನು ರಸ್ತೆಗಿಳಿಸಬಾರದೆಂದು ನಿಯಮವಿದೆ. ನಮ್ಮ ಮಳೆಗೆ ಅದಕ್ಕೂ ಮೊದಲೇ, ಮೂರು ಮಿಲಿಮೀಟರ್ ಉಳಿದಿರುವಾಗಲೇ ಬದಲಿಸುವುದು ಒಳ್ಳೆಯದು. ಮೇ ತಿಂಗಳ ಕೊನೆಯಲ್ಲಿ ಒಮ್ಮೆ ಎಲ್ಲ ಟೈರುಗಳನ್ನೂ ನೋಡಿಬಿಡಿ.

ತೆಗೆದ ಹಳೆಯ ಟೈರನ್ನು ಹಿತ್ತಿಲಿಗೆ ಎಸೆದರೆ ಅದರಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಸೊಳ್ಳೆಯ ತೊಟ್ಟಿಲಾಗುತ್ತದೆ. ಸುಟ್ಟರೆ ವಿಷದ ಹೊಗೆ. ಕಾಡುಪ್ರಾಣಿ ಓಡಿಸಲು ಟೈರಿಗೆ ಬೆಂಕಿ ಹಚ್ಚುವ ರೂಢಿಯ ಕ್ರೌರ್ಯವನ್ನು 2021ರ ಜನವರಿಯಲ್ಲಿ ನೀಲಗಿರಿಯ ಮಸಿನಗುಡಿಯಲ್ಲಿ ದೇಶವೇ ಕಂಡಿತು. ಉರಿಯುವ ಟೈರಿನ ಏಟಿಗೆ ಸಿಲುಕಿದ ಆ ಆನೆ ಬದುಕಲಿಲ್ಲ. ಹಳೆಯ ಟೈರುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮ 2022ರ ಜುಲೈಯಲ್ಲಿ ಬಂದಿದೆ. ಹೊಸ ಟೈರು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸಿ ಬನ್ನಿ.

ಮಾಡಬಹುದಾದ ಕೆಲಸ

ಬಂಧುಗಳೇ, ಮಾತು ಮುಗಿಸುವ ಮುನ್ನ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೊದಲನೆಯದು ವಿದ್ಯಾರ್ಥಿಗಳದ್ದು. ನಿಮ್ಮ ಮನೆಯ ಅಥವಾ ನೆರೆಮನೆಯ ವಾಹನದ ಒಂದು ತಿಂಗಳ ಓಟವನ್ನು ಡಾಂಬರು, ಜಲ್ಲಿ, ಮಣ್ಣು ಎಂದು ಮೂರು ಕಲಮುಗಳಲ್ಲಿ ಬರೆದಿಡಿ. ಟೈರಿನ ಪಕ್ಕೆಯ ಅಂಕಿಗಳನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಅಪ್ಪನೋ ಅಣ್ಣನೋ ಮುಂದಿನ ಸಲ ಟೈರಿನಂಗಡಿಗೆ ಹೋಗುವಾಗ ಆ ಹಾಳೆ ಅವರ ಜೇಬಿನಲ್ಲಿರಲಿ.

ಎರಡನೆಯದು ಊರಿನದು. ಡಾಂಬರು ರಸ್ತೆ ಸೇರುವ ಕಡೆ ಎಲ್ಲರಿಗೂ ಸೇರಿದ ಒಂದು ಗಾಳಿ ಪಂಪು, ಒಂದು ಅಳತೆಗೋಲು ಇಟ್ಟರೆ ಮಣ್ಣಿನ ದಾರಿಗೆ ಇಳಿಯುವಾಗ ಗಾಳಿ ಇಳಿಸಿ, ಹೊರಡುವಾಗ ತುಂಬಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯ. ಹತ್ತು ಮನೆಗಳು ಸೇರಿದರೆ ಅದರ ಖರ್ಚು ಒಂದೊಂದು ಮನೆಗೆ ಭಾರವಾಗದು.

ಮೂರನೆಯದು ವಾಹನ ಇರುವವರೂ ಇಲ್ಲದವರೂ ಸೇರಿ ಮಾಡಬೇಕಾದದ್ದು. ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಗುದ್ದಲಿ ಹಿಡಿದು ದಾರಿಯ ಚರಂಡಿ ಬಿಡಿಸಿ, ಗಾಲಿಜಾಡುಗಳಿಗೆ ಕಲ್ಲು ತುಂಬಿಸಿ. ಹಾಗೆಯೇ ಜೋರು ಮಳೆಯ ವಾರಗಳಲ್ಲಿ ತುಂಬು ಭಾರದ ವಾಹನ ಆ ಏರನ್ನು ಹತ್ತುವುದಿಲ್ಲ ಎಂದು ಊರೇ ಕುಳಿತು ತೀರ್ಮಾನಿಸಿ. ಗೊಬ್ಬರವನ್ನು ಮೇ ತಿಂಗಳಲ್ಲೇ ಮೇಲಕ್ಕೆ ಸಾಗಿಸಿಕೊಂಡರೆ ಆಗಸ್ಟಿನಲ್ಲಿ ಯಾರಿಗೂ ಕೆಸರಿನ ಟೈರು ಬೇಕಾಗುವುದಿಲ್ಲ. ಈ ಭಾನುವಾರವೇ ಮೇಲಿನ ಕೇರಿಯ ಏರಿನಿಂದ ಆರಂಭಿಸೋಣವೆಂದು ಇಲ್ಲಿ ಸೇರಿರುವ ಹಿರಿಯರಲ್ಲಿ ವಿನಂತಿಸುತ್ತೇನೆ. ಗುದ್ದಲಿ, ಬುಟ್ಟಿ ತಮ್ಮ ತಮ್ಮ ಮನೆಯಿಂದ ತನ್ನಿ. ಕಲ್ಲು ಸಾಗಿಸಲು ಒಂದು ಪಿಕಪ್ ಬೇಕಾಗುತ್ತದೆ, ಅದನ್ನು ಯಾರು ಕೊಡುತ್ತೀರಿ ಎಂಬುದು ಈ ಸಭೆ ಮುಗಿಯುವುದರೊಳಗೆ ನಿಶ್ಚಯವಾಗಲಿ.